ಪುಷ್ಪ ಹಚ್ಚಿದ ಸೊಳ್ಳೆಬತ್ತಿ

ಅಜ್ಜೀಪುರಕ್ಕೆ ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಪುಷ್ಪ ಕಂಡದ್ದು ಇಷ್ಟೇ: ಆ ಮನೆಯಲ್ಲಿ ರೇಷ್ಮೆ ಹುಳುವಿಗಿದ್ದ ಉಪಚಾರ ಮನುಷ್ಯರಿಗೆ ಸಿಕ್ಕಿದ್ದಿಲ್ಲ. ನಡುಮನೆ ತುಂಬ ಹುಳುವಿನ ತಟ್ಟೆ; ಮನೆಮಂದಿ ಅಡುಗೆಮನೆಯಲ್ಲಿ ಮುದುರಿಕೊಳ್ಳಬೇಕು. ಘಾಟು ತಗುಲಿದರೆ ಹುಳು ಸಾಯುತ್ತದೆಂದು ಪೌಡರ್ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಮನೆಗಿದ್ದ ಒಂದೇ ಸೊಳ್ಳೆಪರದೆಯನ್ನೂ ಹುಳು ಕೊಲ್ಲುವ ಊಜಿ ನೊಣ ಕೂರದಿರಲೆಂದು ತಟ್ಟೆಗಳ ಸುತ್ತ ಕಟ್ಟಿದ್ದರು. ಹುಳುವಿಗೆ ಪರದೆ, ಮಕ್ಕಳಿಗೆ ಸೊಳ್ಳೆ. ಎಂಥ ನ್ಯಾಯವೋ!

ಈ ಸಲ ಹುಳು ಗೂಡು ಕಟ್ಟಲು ನಾಲ್ಕೇ ದಿನ ಇದ್ದಾಗ ಮಗಳು ಶೃತಿ ಜ್ವರದಿಂದ ಮಲಗಿದಳು. ಕೊಳ್ಳೇಗಾಲದ ಡಾಕ್ಟರು ಡೆಂಗ್ಯೂ ಅಂದರು, ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ ಅಂದರು. ಹೇಳುವುದಕ್ಕೇನು! ಪರದೆ ಬಿಚ್ಚೋಣ ಎಂದಳು ಪುಷ್ಪ.

"ನಾಕ್ ದಿನ ತಡ್ಕೊಳೆ. ಆರ್ ತಿಂಗ್ಳ ಅನ್ನ ಕಣೆ ಅದು," ಎಂದು ಗಂಡ ಸ್ವಾಮಿ ಹಿಪ್ಪುನೇರಳೆ ಸೊಪ್ಪು ತರಲು ಹೋದ. ಅವನು ಕೆಟ್ಟವನೇನಲ್ಲ. ಅದೇ ಇನ್ನಷ್ಟು ಹೊಟ್ಟೆ ಉರಿಸುವ ಸಂಗತಿ.

ಎರಡು ಸಂಜೆ ಸೆರಗು ಬೀಸಿ ಬೀಸಿ ಪುಷ್ಪಳ ತೋಳು ಸೋತವು. ಮೂರನೆಯ ಸಂಜೆ ಅಡುಗೆಮನೆಯ ಬಾಗಿಲು ಹಾಕಿ, ಸಂದಿಗೆ ಹಳೇ ಸೀರೆ ತುರುಕಿ, ಸೊಳ್ಳೆಬತ್ತಿ ಹಚ್ಚಿದಳು. ಮಗು ಮೈ ಕೆರೆಯದೆ ನಿದ್ದೆಹೋಯಿತು. ಹೆಂಚಿನ ಮನೆಯ ನಡುಗೋಡೆ ಸೂರಿನವರೆಗೆ ಇಲ್ಲ, ಮೇಲಿನಿಂದ ಹೊಗೆ ದಾಟುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಹುಳುಗಳು ತಲೆ ಒದರುತ್ತ ಹಸಿರು ರಸ ಕಕ್ಕುತ್ತಿದ್ದವು. ಮಧ್ಯಾಹ್ನಕ್ಕೆ ಮುಕ್ಕಾಲು ಪಾಲು ಸತ್ತವು. ಸ್ವಾಮಿ ತಟ್ಟೆ ಹಿಡಿದು ನಿಂತೇ ಇದ್ದ.

"ಅವ್ವಾ, ಒಟ್ಟೆ ಅಸೀತದೆ. ಉಪ್ಪಿನಕಾಯಿ ಅನ್ನ ಕೊಡು," ಎಂದಳು ಒಳಗಿನಿಂದ ಶೃತಿ.

ನಾಲ್ಕು ದಿನದಲ್ಲಿ ಮಗು ಊಟ ಕೇಳಿದ್ದು ಅದೇ ಮೊದಲು. ಪುಷ್ಪಳಿಗೆ ಎದೆ ತುಂಬಿ ಬಂತು. ಸತ್ತ ಹುಳುಗಳ ನಡುವೆ ನಿಂತು ಖುಷಿಪಟ್ಟೆನಲ್ಲ ಎಂದು ಮರುಗಳಿಗೆಯೇ ತನ್ನ ಮೇಲೆ ಅಸಹ್ಯವಾಯಿತು.

"ನಾನೇ..." ಎಂದು ಬಾಯಿ ತೆರೆದಳು.

ಅತ್ತೆ ಚಿಕ್ಕನಿಂಗಮ್ಮ ಅಡ್ಡ ಬಂದಳು. "ಸೊಪ್ಪಿಗೆ ಯಾರ್ದೋ ಒಲದ ಔಸ್ದಿ ಗಾಳಿ ಬಡ್ದದೆ ಕಣ್ಲಾ ಸ್ವಾಮಿ. ಯಾರ್ನೂ ಕೇಳಕ್ಕೋಗ್ಬ್ಯಾಡ. ಓಗು, ಗುಂಡಿ ತೋಡು."

ಮಗ ಗುದ್ದಲಿ ಹಿಡಿದು ಹೋದಮೇಲೆ ಮುದುಕಿ ಅಡುಗೆಮನೆಯ ಮೂಲೆಯಲ್ಲಿದ್ದ ಬತ್ತಿಯ ಬೂದಿ ಒರೆಸಿದಳು.

"ಇವ್ನಿಗೊಬ್ಳು ಅಕ್ಕ ಇದ್ಲು ಕಣವ್ವ. ಆರ್ ವರ್ಸ. ಇಂಗೇ ಜ್ವರ, ಇಂಗೇ ಮನೆ ತುಂಬ ಉಳ. ನಾನು ಬೇವಿನ ಒಗೆ ಆಕ್ನಿಲ್ಲ. ಆ ಸಲ ಗೂಡು ಚೆಂದಾಗಿ ಬಂತು."

ಪುಷ್ಪ ಪೊರಕೆಗೆ ಕೈ ಹಾಕಿದಳು. ಅತ್ತೆ ಅದನ್ನು ಕಿತ್ತುಕೊಂಡಳು.

"ಉಳ ನಾನು ಬಳೀತೀನಿ. ನೀನೋಗಿ ಆ ಕೂಸು ಉಣ್ಣದ್ನ ನೋಡು."