ಜ್ವರಕ್ಕೆ ಕೂತ ಡ್ರೈವರ್

ತಿಪ್ಪಸಂದ್ರದ ಬೀಗರೂಟಕ್ಕೆ ನೆಂಟರನ್ನು ಟೆಂಪೋದಲ್ಲಿ ಕರೆದೊಯ್ದ ನಾನೂ ಮೂರು ಪೆಗ್ ಹಾಕಿಬಿಟ್ಟೆ. ತಲೆಗೆ ನೀರು ಸುರಿದುಕೊಂಡು ಸಂಜೆ ಹೊರಡೋಣವೆಂದರೆ, ಕೀ ಆ ಮನೆಯ ಅಜ್ಜಿಯ ಸೊಂಟದಲ್ಲಿತ್ತು.

"ನಿಶೆ ಇಳ್ದೋಗೈತೆ ಅಜ್ಜಿ," ಅಂದೆ.

ಅವರು ಕಿಟಕಿಯೊಳಗೆ ತೋರಿಸಿದರು. ತಟ್ಟೆಗಳ ತುಂಬ ರೇಷ್ಮೆಹುಳಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ನಿದ್ದೆಹೋಗಿದ್ದವು. ಪೊರೆ ಬಿಡುವ ಮುಂಚಿನ ಈ ನಿದ್ದೆಗೆ ಇಲ್ಲಿ ಜ್ವರ ಅನ್ನುತ್ತಾರೆ.

"ಜ್ವರಕ್ಕೆ ಕೂತ ಹುಳಕ್ಕೆ ನೀರು ಹುಯ್ದ್ರೆ ಬೇಗ ಏಳ್ತದಾ? ಮಲಿಕ್ಕೊ ಮಗ."

ನೆಂಟರು ಬಸ್ಸಿಗೆ ಹೋದರು. ಜಗಲಿಯಲ್ಲಿ ಮಲಗಿದ ನಾನು ಕನಸಿನಲ್ಲಿ ಬೆಳ್ಳಗೆ, ಮೆತ್ತಗೆ, ರಸ್ತೆಯೇ ಇಲ್ಲದ ಕಡೆ ತೇಲುತ್ತಿದ್ದೆ.

ಬೆಳಿಗ್ಗೆ ಸೊಪ್ಪು ಮೇಯುವ ಸದ್ದಿಗೆ ಎಚ್ಚರವಾಯಿತು. ಅಜ್ಜಿ ನನ್ನ ಮುಂದೆ ರೊಟ್ಟಿ ಇಟ್ಟು ನೋಡುತ್ತ ಕೂತರು. ಎರಡನೆಯದನ್ನು ನಾನೇ ಕೇಳಿದ ಮೇಲಷ್ಟೇ ಸೊಂಟದಿಂದ ಕೀ ತೆಗೆದರು.