ಬೈಕಿನ ಹೊಟ್ಟೆಯೊಳಗಿನ ಸ್ಕ್ರೂ

ಬ್ಯಾಟರಿಯ ನಟ್ಟು ಕೈಜಾರಿ ಒಳಗೆ ಬಿದ್ದಾಗ ನಾನು ಮಾಡಿದ ಮೊದಲ ಕೆಲಸ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದು. ಯಾರೂ ಇರಲಿಲ್ಲ. ಆಯುಧಪೂಜೆಯ ಹಿಂದಿನ ದಿನ, ಸಂಜೆ ನಾಲ್ಕು ಗಂಟೆ. ಮಾರೇನಹಳ್ಳಿಯ ನಮ್ಮ ಬೀದಿಯವರೆಲ್ಲ ಗಾಡಿ ತೊಳೆಸಲು ವಾಟರ್ ಸರ್ವಿಸ್ ಮುಂದೆ ಸಾಲು ನಿಂತಿದ್ದರು. ನಾನು ಮಾತ್ರ ಮನೆ ಕೆಳಗಿನ ಪಾರ್ಕಿಂಗಿನಲ್ಲಿ ಮಣೆ ಹಾಕಿಕೊಂಡು, ಇಪ್ಪತ್ತು ವರ್ಷದ ಬೈಕನ್ನು ಬಿಚ್ಚಿಕೊಂಡು ಕುಳಿತಿದ್ದೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವನು ನಾನು. ನನ್ನ ಗಾಡಿಯನ್ನು ಇನ್ನೊಬ್ಬರು ಮುಟ್ಟಿದರೆ ಸಹಿಸುವುದಿಲ್ಲ. ಇದನ್ನು ಒಳ್ಳೆಯ ಗುಣ ಎಂದುಕೊಂಡೇ ಅರವತ್ತು ದಾಟಿದೆ.

ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಇಬ್ಬರು ಬೇಕು. ಮದುವೆಯಾದಂದಿನಿಂದ, ಮೊದಲು ಸ್ಕೂಟರಿಗೆ, ಆಮೇಲೆ ಈ ಬೈಕಿಗೆ, ಪ್ರತಿ ಆಯುಧಪೂಜೆಗೂ ನನ್ನ ಹೆಂಡತಿ ಜೊತೆಗಿರುತ್ತಿದ್ದಳು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ನಟ್ಟು ಬೋಲ್ಟು ಹಾಕುವ ಸ್ಟೀಲ್ ಬಟ್ಟಲು. ನಾನು ಬಿಚ್ಚುತ್ತಿದ್ದೆ, ಅವಳು ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ವರ್ಷವಿಡೀ ಆಡದ ಮಾತನ್ನು ಆ ಎರಡು ಗಂಟೆಯಲ್ಲಿ ಆಡುತ್ತಿದ್ದೆವು.

ಹನ್ನೊಂದು ವರ್ಷದಿಂದ ಅವಳು ಬರುತ್ತಿಲ್ಲ. ಮೇಲೆ ಮೊದಲನೇ ಮಹಡಿಯಲ್ಲೇ ಇದ್ದಾಳೆ. ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಮಾತ್ರೆ ನೆನಪಿಸುತ್ತಾಳೆ, ಅಷ್ಟೇ. ಒಂದೇ ಮನೆಯಲ್ಲಿ ಇಬ್ಬರಿದ್ದೂ ಒಬ್ಬೊಬ್ಬರೇ ಇರಬಹುದು ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ವರ್ಷ ಈ ದಿನ ಮೆಟ್ಟಿಲ ಕಡೆಗೇ ಕಿವಿಯಿಟ್ಟು ಸ್ಪ್ಯಾನರ್ ತಿರುಗಿಸುತ್ತೇನೆ. ಚಪ್ಪಲಿ ಸದ್ದು ಕೇಳಿದರೆ ಅದು ಬಾಡಿಗೆಯವರದಾಗಿರುತ್ತದೆ.

ಜಗಳವಾದದ್ದು ಒಂದು ಸ್ಕ್ರೂಗಾಗಿ. ಸೈಡ್ ಪ್ಯಾನೆಲ್ಲಿನ ಸ್ಕ್ರೂ ತುಕ್ಕು ಹಿಡಿದಿತ್ತೆಂದು, ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಹಿತ್ತಾಳೆಯ ತುಂಡಿನಿಂದ ನಾನೇ ಒಂದು ಮಾಡಿಕೊಂಡು ಬಂದಿದ್ದೆ. ಬೆರಳಿನಲ್ಲೇ ತಿರುಗಿಸಲು ಬರುವಂತೆ ಅದರ ತಲೆಯ ಸುತ್ತ ಗೀರು ಹಾಕಿದ್ದೆ. ಆ ಸ್ಕ್ರೂ ಬಗ್ಗೆ ನನಗೆ ವಿಪರೀತ ಜಂಭವಿತ್ತು. ಆ ವರ್ಷ ಎಲ್ಲ ಬಿಚ್ಚಿ ಜೋಡಿಸುವಾಗ ನೋಡಿದರೆ ಅದೇ ಇಲ್ಲ.

‘ಒಳಗೆ ಬಿದ್ದ ಸದ್ದು ಕೇಳಿಸ್ತು ರೀ’ ಎಂದಳು.

ನಾನು ದಾರಕ್ಕೆ ಮ್ಯಾಗ್ನೆಟ್ ಕಟ್ಟಿ ನಾಲ್ಕು ಸಲ ಇಳಿಬಿಟ್ಟೆ. ಖಾಲಿ ಬಂತು. ‘ಒಳಗಿದ್ರೆ ಮ್ಯಾಗ್ನೆಟ್‌ಗೆ ಬರ್ತಿರ್ಲಿಲ್ವಾ? ನಾನು ಬಟ್ಟಲಿಗೇ ಹಾಕಿದೀನಿ. ನೀನೇ ಎಲ್ಲೋ ಚೆಲ್ಲಿದೀಯ. ಒಂದು ಬಟ್ಟಲು ಹಿಡಿಯೋಕೂ ಬರಲ್ಲ ನಿಂಗೆ’ ಎಂದು, ಬಾಡಿಗೆಯವರು ನಿಂತು ನೋಡುವಂತೆ ಕೂಗಾಡಿದೆ. ಅವಳು ಟಾರ್ಚ್ ಆರಿಸಿ, ಸೀಟಿನ ಮೇಲಿಟ್ಟು ಮೇಲೆ ಹೋದಳು. ಮರುವರ್ಷ ಕೋಪ ಇಳಿದ ಮೇಲೆ ತಾನಾಗಿ ಬರುತ್ತಾಳೆ ಎಂದುಕೊಂಡು ಕೆಳಗೆ ಕಾದೆ. ಬರಲಿಲ್ಲ. ಎಂಥ ಹಟ ಇವಳದು ಎಂದು ನಾನೂ ಬಿಗಿದುಕೊಂಡೆ.

ಈಗ ಬಿದ್ದ ನಟ್ಟನ್ನು ಹಾಗೇ ಬಿಡುವಂತಿರಲಿಲ್ಲ. ಬ್ಯಾಟರಿಯ ಬಳಿ ಬಿಡಿ ಕಬ್ಬಿಣ ಉರುಳಾಡುತ್ತಿದ್ದರೆ ಎಲ್ಲಾದರೂ ತಗುಲಿ ಕಿಡಿ ಹಾರೀತು. ಮೊಬೈಲಿನ ಬೆಳಕು ಹಾಕಿ ಇಣುಕಿದೆ. ಬ್ಯಾಟರಿ ಕೂರುವ ಜಾಗದ ಹಿಂದೆ, ಚಾಸಿಯ ಎರಡು ಕೊಳವೆ ಸೇರುವಲ್ಲಿ, ಬೆರಳು ಹೋಗದ ಒಂದು ಸಂದು. ಮ್ಯಾಗ್ನೆಟ್ ಬಿಟ್ಟರೆ ಅದು ನಟ್ಟಿನ ತನಕ ಹೋಗದೆ ಚಾಸಿಗೇ ಅಂಟಿಕೊಂಡಿತು. ಸ್ಟೂಲಿಗೆ ಒರಗಿಸಿದ್ದ ಮೊಬೈಲ್ ಎರಡು ಸಲ ಜಾರಿ ಬಿತ್ತು. ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಜೊಲ್ಲು ಅಂಗಿಯ ಮೇಲೆ ಸುರಿಯಿತು. ನನ್ನ ಅವಸ್ಥೆಗೆ ನನಗೇ ನಗು ಬಂತು, ನಗುತ್ತಿದ್ದ ಹಾಗೇ ಅಳು ಬಂತು.

ಕೊನೆಗೆ ಹಳೆಯ ಸೈಕಲ್ ಕಡ್ಡಿಯೊಂದರ ತುದಿಗೆ ಗ್ರೀಸ್ ಮೆತ್ತಿ, ಒಳಗೆ ತೂರಿಸಿ ಒತ್ತಿದೆ. ಏನೋ ಅಂಟಿತು. ಉಸಿರು ಹಿಡಿದು ಎಳೆದೆ. ಬಂದದ್ದು ನಟ್ಟಲ್ಲ, ಮಣ್ಣು ಜಿಡ್ಡು ಮೆತ್ತಿದ ಒಂದು ಕರಿ ಉಂಡೆ. ಬಟ್ಟೆಯಲ್ಲಿ ಒರೆಸಿದರೆ ಸುತ್ತ ಗೀರು ಕಂಡವು. ಉಗುರಿನಲ್ಲಿ ಕೆರೆದರೆ ಹಳದಿ.

ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹಿತ್ತಾಳೆಯ ಚೂರಿನಲ್ಲಿ ಕಬ್ಬಿಣದ ಚೂರು ಬೆರೆತರೆ ಮ್ಯಾಗ್ನೆಟ್ ಆಡಿಸಿ ಬೇರೆ ಮಾಡುವುದನ್ನು ಕಾರ್ಖಾನೆಗೆ ಬಂದ ಹೊಸಬರಿಗೆಲ್ಲ ಕಲಿಸಿದವನು ನಾನೇ. ಪಿತ್ತ ನೆತ್ತಿಗೇರಿದ ಆ ದಿನ, ನನ್ನ ಕೈಯಾರೆ ಮಾಡಿದ ಹಿತ್ತಾಳೆಯನ್ನು ಮ್ಯಾಗ್ನೆಟ್ಟಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಹೆಂಡತಿಯನ್ನು ಬೈದಿದ್ದೆ. ಬೈದ ಮೇಲೆ ಮತ್ತೆ ಆ ಬಗ್ಗೆ ಯೋಚಿಸಲೂ ಇಲ್ಲ.

ಬಹಳ ಹೊತ್ತು ಮಣೆಯ ಮೇಲೇ ಕುಳಿತಿದ್ದೆ. ಜೇಬಿಗೆ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಹೇಳಿದರೆ ಅವಳು ಮತ್ತೆ ಕೆಳಗೆ ಬಂದಾಳು ಎಂಬ ಆಸೆ. ಆಸೆಯೇ ಗೆದ್ದಿತು. ಮೆಟ್ಟಿಲು ಹತ್ತಿದೆ.

ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಪೂಜೆಯ ದೀಪ ತಿಕ್ಕುತ್ತಿದ್ದಳು. ಸ್ಕ್ರೂ ಅವಳ ಮುಂದಿಟ್ಟೆ.

‘ಏನ್ರೀ ಇದು?’

‘ಅವತ್ತು ಕಳೆದೋಗಿದ್ದು. ಒಳಗೇ ಇತ್ತು. ನೀನು ಹೇಳಿದ್ದೇ ಸರಿ. ನಾನು ಸುಮ್ನೆ ಕೂಗಾಡ್ಬಿಟ್ಟೆ. ತಪ್ಪಾಯ್ತು ಕಣೇ.’

ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲಿರಬೇಕು. ಅವಳು ಸ್ಕ್ರೂ ಎತ್ತಿಕೊಂಡು ತಿರುಗಿಸಿ ನೋಡಿದಳು.

‘ಅಯ್ಯೋ, ಇದು ನಂಗೆ ಯಾವಾಗ್ಲೋ ಮರೆತೋಗಿತ್ತು’ ಎಂದಳು.

‘ಮತ್ತೆ ಕೆಳಗೆ ಬರೋದು ಯಾಕೆ ಬಿಟ್ಟೆ?’

ದೀಪವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ‘ಬಿಟ್ಟಿರ್ಲಿಲ್ಲ. ಮಾರನೇ ವರ್ಷ ಟಾರ್ಚಿಗೆ ಹೊಸ ಸೆಲ್ ಹಾಕ್ಕೊಂಡು ಇಲ್ಲೇ ಬಾಗ್ಲಲ್ಲಿ ಕಾಯ್ತಾ ಇದ್ದೆ. ನೀವು ಕರೀಲಿಲ್ಲ.’

‘ಅದೊಂದು ವರ್ಷಾನಾ?’

‘ಮೂರು ವರ್ಷ.’

ಕೆಳಗೆ ನಾನು, ಮೇಲೆ ಅವಳು. ನಡುವೆ ಹದಿನಾರು ಮೆಟ್ಟಿಲು. ನಾನು ಹೇಳಿದೆ: ‘ಈಗ ಕರೀತಿದೀನಿ. ಬಾ. ಇನ್ನೊಂದು ನಟ್ಟು ಒಳಗೇ ಇದೆ, ಬೆಳಕು ಹಿಡಿಯೋರಿಲ್ಲ.’

ಅವಳು ಮತ್ತೆ ದೀಪ ಕೈಗೆತ್ತಿಕೊಂಡು, ‘ಬೇಡ ಬಿಡಿ ರೀ. ನಂಗೂ ಈಗ ಒಬ್ಳೇ ಇದ್ದು ಅಭ್ಯಾಸ ಆಗೋಗಿದೆ’ ಎಂದಳು.