ಸಿನಿಮಾದ ಗುರು ಆಡದ ಮಾತು

ನಮ್ಮವರ ಹೆಸರು ಗೊಲ್ಲಾಳಪ್ಪ. ಇದ್ದಾಗ ಆ ಹೆಸರು ಬಾಯಿಂದ ತೆಗೆದವಳಲ್ಲ, ಈಗ ಹೇಳುತ್ತಿದ್ದೇನೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಚೀನಾದ ಮಾತಂತೂ ದೂರವೇ ಉಳಿಯಿತು. ಆದರೂ ಬಬಲೇಶ್ವರದ ಗುಡುಸಾಬನ ವಿಡಿಯೊ ಹಾಲಿನಲ್ಲಿ ಆರು ವರ್ಷ ಟಿವಿ ಪಕ್ಕ ಕೋಲು ಹಿಡಿದು ನಿಂತು, ಆ ದೇಶದ ಹೊಡೆದಾಟದ ಸಿನಿಮಾಗಳನ್ನು ಮಂದಿಗೆ ಕನ್ನಡದಲ್ಲಿ ಹೇಳಿದವರು ಅವರೇ.

ಅದಕ್ಕೂ ಮೊದಲು ತಿಕೋಟಾ ಸ್ಟ್ಯಾಂಡಿನಲ್ಲಿ ಕನಮಡಿ ಜೀಪಿಗೆ ಮಂದಿಯನ್ನು ಕೂಗುತ್ತಿದ್ದರು. ಕೂಗಿದರೆ ಊರಾಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಮಗೂ ಕೇಳಿಸುತ್ತಿತ್ತು. ಒಂದು ಸಲ ಗುಡುಸಾಬ ಆ ಗಂಟಲು ಕೇಳಿದ. ಜೀಪಿಗಾಗಿ ಯಾಕೆ ಇದನ್ನು ಸವೆಸುತ್ತೀ ಎಂದು ನಮ್ಮಿಬ್ಬರನ್ನೂ ಬಬಲೇಶ್ವರಕ್ಕೆ ಕರೆದುಕೊಂಡು ಹೋದ.

ಸಿನಿಮಾ ಎಲ್ಲ ಹೆಚ್ಚು ಕಡಿಮೆ ಒಂದೇ ನಮೂನೆ. ಬಿಳಿ ಗಡ್ಡದ ಒಬ್ಬ ಗುರು, ಅವನ ಕೈಕೆಳಗೆ ಮೂರು ನಾಲ್ಕು ಹುಡುಗರು. ಒಂದು ನಡೆಯಿತು ಅಂದರೆ ಅದಕ್ಕೆ ಎರಡನೇ ಭಾಗ, ಮೂರನೇ ಭಾಗ. ಗುರು ಬಾಯಿ ತೆರೆದಾಗಲೆಲ್ಲ ಇವರು ಮಾತು ತುಂಬಬೇಕು. ಒಮ್ಮೆ ಗುಡುಸಾಬ ವಿಜಾಪುರದಿಂದ ಎರಡನೇ ಭಾಗದ ಕ್ಯಾಸೆಟ್ಟನ್ನೇ ಮೊದಲು ತಂದುಬಿಟ್ಟ. ಅದರ ಕೊನೆಗೆ ಗುರು ಸಾಯುತ್ತಾನೆ. ಮುಂದಿನ ತಿಂಗಳು ಮೊದಲನೇ ಭಾಗ ಬಂತು, ನೋಡಿದರೆ ಸತ್ತ ಗುರು ಗಟ್ಟಿಮುಟ್ಟಾಗಿ ಚಹಾ ಕುಡಿಯುತ್ತ ಕೂತಿದ್ದಾನೆ. ಮಂದಿ ಗದ್ದಲ ಮಾಡಿದರು. ಇವರು ಟಿವಿಗೆ ಕೋಲು ಹಚ್ಚಿ, ಇವನು ಸತ್ತವನ ತಮ್ಮ, ಅವಳಿ-ಜವಳಿ ಹುಟ್ಟಿದವರು ಎಂದರು. ಎಲ್ಲರೂ ನಂಬಿದರು. ಅಣ್ಣನಿಗಿಂತ ತಮ್ಮನೇ ಶಾಣ್ಯಾ ಎಂದು ಮಾತಾಡಿಕೊಳ್ಳುತ್ತ ಮನೆಗೆ ಹೋದರಂತೆ.

ಹೆಣ್ಣುಮಕ್ಕಳು ಒಳಗೆ ಕೂಡುತ್ತಿರಲಿಲ್ಲ. ನಾನು ಬುತ್ತಿ ಒಯ್ದು ಪರದೆಯ ಆಚೆ ನಿಲ್ಲುತ್ತಿದ್ದೆ. ಒಳಗಿನಿಂದ ಗುರುವಿನ ದನಿ ಬರುತ್ತಿತ್ತು. ಪಲ್ಯಕ್ಕೆ ಉಪ್ಪು ಸಾಲದು ಎಂದು ಮನೆಯಲ್ಲಿ ಹೇಳುತ್ತಿದ್ದ ದನಿಯೇ ಅದು.

ಹೋಗುತ್ತ ಹೋಗುತ್ತ ಹುಡುಗರು ಆಟ ಬಿಟ್ಟ ಕೂಡಲೇ ಹಾಲಿನಲ್ಲೇ ಒಬ್ಬರನ್ನೊಬ್ಬರು ಒದೆಯತೊಡಗಿದರು. ಕುರ್ಚಿಗಳು ಮುರಿದವು. ಒಬ್ಬನ ಹಲ್ಲು ಬಿತ್ತು. ಇನ್ನೊಮ್ಮೆ ಹೀಗಾದರೆ ಬಾಗಿಲು ಮುಚ್ಚಿಸುತ್ತೇವೆ ಎಂದು ಪೊಲೀಸರು ಹೇಳಿ ಹೋದರು. ಅದೇ ವಾರ ಮೂರನೇ ಭಾಗ ಹಾಕಿದ್ದರು. ಅದರಲ್ಲಿ ಶಿಷ್ಯ ಹಳೆಯದನ್ನು ನೆನೆಯುವಾಗ ಗುರು ಬೆರಳೆತ್ತಿ ಅವನಿಗೆ ಏನೋ ಹೇಳುತ್ತಾನೆ. ಆ ಹೊತ್ತಿಗೆ ನಮ್ಮವರು ಹೇಳಿದ್ದು ನನಗೆ ಪರದೆಯ ಆಚೆ ಕೇಳಿಸಿತು.

"ಯಾರ್ನರ ಹೊಡಿಯೂಕಿಂತ ಮದಲ ಅವನ ಹೆಸರ ಕೇಳು. ಹೆಸರ ಹೇಳಿದವನ ಮ್ಯಾಲ ಕೈ ಮಾಡಬ್ಯಾಡ."

ಆಮೇಲೆ ಒಂದು ಕುರ್ಚಿಯೂ ಮುರಿಯಲಿಲ್ಲ. ಹುಡುಗರು ಅದನ್ನು ಗುರುವಿನ ಆಜ್ಞೆ ಅಂತಲೇ ತಿಳಿದರು. ಮನೆಮನೆಗೆ ಟಿವಿ ಬಂದು ಹಾಲು ಮುಚ್ಚುವವರೆಗೂ ಅದೇ ನಡೆಯಿತು. ನಮ್ಮವರು ತಿಕೋಟಾಕ್ಕೆ ಬಂದು ಮತ್ತೆ ಜೀಪಿಗೆ ಕೂಗಿದರು.

ಆಗ ಮುಂದಿನ ಸಾಲಿನಲ್ಲಿ ಕೂತು ಕೇಳಿದವರಲ್ಲಿ ಬಬಲೇಶ್ವರದ ರಾಜರತ್ನ ಒಬ್ಬ. ಬೌದ್ಧರ ಮನೆಯ ಹುಡುಗ. ಮುಂದೆ ನಿಜವಾದ ಕರಾಟೆ ಕಲಿತ, ಬೆಲ್ಟ್ ತೆಗೆದುಕೊಂಡ. ಈಗ ತೊರವಿಯಲ್ಲಿ ಅವನದೊಂದು ಕ್ಲಾಸ್ ಇದೆ. ಅಲ್ಲಿಯ ಗೋಡೆಯ ಮೇಲೆ ಆ ಗಡ್ಡದ ಗುರುವಿನ ಚಿತ್ರ ಬರೆಸಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಈ ಮಾತು ಬರೆಸಿದ್ದ. ದಿನಾ ಕ್ಲಾಸ್ ಶುರು ಮಾಡುವ ಮೊದಲು ಮಕ್ಕಳು ಅದನ್ನು ಒಟ್ಟಿಗೆ ಹೇಳುತ್ತಿದ್ದರು.

ಹೋದ ವರ್ಷ ನಮ್ಮವರ ಗಂಟಲಿಗೆ ಗಡ್ಡೆ ಆಯಿತು. ವಿಜಾಪುರದಲ್ಲಿ ಆಪರೇಶನ್ ಮಾಡಿದರು. ಜೀವ ಉಳಿಯಿತು, ದನಿ ಹೋಯಿತು. ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ನಾನು ಮೂರನೇ ಇಯತ್ತೆ ಓದಿದವಳು. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಅವರಿಗೆ ಸಿಟ್ಟು ಬಂದಿರುತ್ತಿತ್ತು.

ಆಪರೇಶನ್ ಆಗಿ ನಾಲ್ಕು ತಿಂಗಳಿಗೆ, ಒಂದು ಐತವಾರ ರಾಜರತ್ನ ಮನೆಗೆ ಬಂದ. ಅವನ ಕ್ಲಾಸಿನಲ್ಲಿ ಮೇಘಾ ಎಂಬ ಹುಡುಗಿ ಇದ್ದಾಳೆ, ಒಂಬತ್ತನೇ ಇಯತ್ತೆ. ಆ ಹಳೆಯ ಸಿನಿಮಾದ ಮೂರೂ ಭಾಗ ಈಗ ಕನ್ನಡ ಮಾತು ಕೂಡಿಸಿ ಮೊಬೈಲಿನಲ್ಲಿ ಬಂದಿವೆಯಂತೆ. ಅವಳು ನೋಡಿ, ಎಲ್ಲರ ಎದುರಿಗೇ, ಸರ್, ಆ ಮುದುಕ ಹಾಗೆ ಎಲ್ಲೂ ಅಂದಿಲ್ಲ ಎಂದಳಂತೆ. ರಾಜರತ್ನ ತಾನೂ ಕೂತು ನೋಡಿದ. ಬೆರಳೆತ್ತಿದ ಜಾಗದಲ್ಲಿ ಗುರು ಹೇಳುವುದು ಇಷ್ಟೇ: ಎಡಗಾಲು ಇನ್ನೂ ಸ್ವಲ್ಪ ಹಿಂದೆ ಇಡು.

ಅವನು ನಮ್ಮವರ ಎದುರಿಗೆ ಚಾಪೆಯ ಮೇಲೆ ಕೂತ. "ಕಾಕಾ, ಆ ಮಾತು ಯಾರದು?" ಎಂದು ಕೇಳಿದ.

ನಮ್ಮವರು 'ನಂದು' ಎಂದು ಬರೆದರು.

ಯಾಕೆ ಹೇಳಿದಿರಿ ಎಂದ. ಅವರು ಒರೆಸಿ, 'ಕುರ್ಚಿ ಮುರೀತಿದ್ರು' ಎಂದು ಬರೆದರು.

ರಾಜರತ್ನ ಆ ಪಾಟಿಯನ್ನು ಓದಿದ. ಆಮೇಲೆ ಹೇಳಿದ. ಅವನಿಗೆ ಇಪ್ಪತ್ತು ವರ್ಷ ಇದ್ದಾಗ ಬಬಲೇಶ್ವರದ ಸಂತೆಯಲ್ಲಿ ಅವನ ಅಪ್ಪ ಮೆಣಸಿನಕಾಯಿ ಮಾರಲು ಕೂತಿದ್ದ. ಒಬ್ಬ ಬಂದು, ನಿಮ್ಮ ಜಾತಿಯವರು ಸಂತೆಯ ಮುಂದಿನ ಸಾಲಿನಲ್ಲಿ ಕೂಡುತ್ತಾರೇನು ಎಂದು ಆ ರಾಶಿಯನ್ನು ಕಾಲಿನಿಂದ ಒದ್ದ. ರಾಜರತ್ನ ಅವನ ಕೊರಳಪಟ್ಟಿ ಹಿಡಿದು ಕೈ ಎತ್ತಿದ. ಹೊಡೆದಿದ್ದರೆ ಅವನು ಏಳುತ್ತಿರಲಿಲ್ಲ. ಆದರೆ ಹೆಸರು ಕೇಳಿದ. ಆ ಮನುಷ್ಯ ನಗುತ್ತ ತನ್ನ ಹೆಸರು ಹೇಳಿದ, ಅಪ್ಪನ ಹೆಸರು, ಮುತ್ಯಾನ ಹೆಸರನ್ನೂ ಹೇಳಿದ. ರಾಜರತ್ನ ಕೈ ಬಿಟ್ಟ. ಅಪ್ಪ ಧೂಳಿನಿಂದ ಒಂದೊಂದೇ ಮೆಣಸಿನಕಾಯಿ ಆರಿಸಿಕೊಂಡ. ಮುಂದೆ ಹನ್ನೊಂದು ವರ್ಷ ಬದುಕಿದ್ದ, ಆ ದಿನದ ಮಾತು ಒಮ್ಮೆಯೂ ತೆಗೆಯಲಿಲ್ಲ.

"ಗುರು ಹೇಳ್ಯಾನ ಅಂತ ನಾ ಕೈ ಬಿಟ್ಟೆ ಕಾಕಾ. ಎದಿ ಉಬ್ಬಿಸಿ ತಿರಗ್ಯಾಡೀನಿ. ಗುಡುಸಾಬನ ಕುರ್ಚಿ ಸಲವಾಗಿ ಬಿಟ್ಟಂಗಾತಲ್ಲ."

ನಮ್ಮವರು ಪಾಟಿ ಒರೆಸಿದರು. 'ತಪ್ಪಾತು' ಎಂದು ಬರೆದರು. ರಾಜರತ್ನ ಅದನ್ನು ಓದಿ, ತನ್ನ ಅಂಗೈಯಿಂದ ಒರೆಸಿದ. ನಾನು ಕೊಟ್ಟ ಚಹಾ ಕುಡಿದು ಹೋದ. ಮರುದಿನ ತಾನೇ ಸುಣ್ಣ ಕಲಸಿ ಆ ಗೋಡೆ ಬಳಿದನಂತೆ. ಈಗ ಶುರುವಿಗೆ ಏನು ಹೇಳಬೇಕು ಎಂದು ಮೇಘಾ ಕೇಳಿದ್ದಕ್ಕೆ, ಏನೂ ಬೇಡ, ಸುಮ್ಮನೆ ಓಡಿರಿ ಎಂದನಂತೆ.

ಅದಾಗಿ ಎರಡು ತಿಂಗಳಿಗೆ ನಮ್ಮವರು ತೀರಿಕೊಂಡರು. ಬೆಳಗ್ಗೆ ಎಬ್ಬಿಸಲು ಹೋದೆ, ಏಳಲಿಲ್ಲ. ಅತ್ತು ಹಗುರಾಗು ಎಂದು ಮಂದಿ ನನಗೆ ಹೇಳಿದರು. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ರೊಟ್ಟಿ ಬಡಿಯುತ್ತೇನೆ, ತಿನ್ನುತ್ತೇನೆ, ಅದು ರೊಟ್ಟಿ ಎಂಬುದು ಗೊತ್ತಾಗುತ್ತದೆ, ಅಷ್ಟೇ. ರಾಜರತ್ನ ಮಣ್ಣಿಗೆ ಬಂದು ಹೆಗಲು ಕೊಟ್ಟ.

ಆಮೇಲೆ ತಿಂಗಳಿಗೊಮ್ಮೆ ಬರುತ್ತಾನೆ. ಕಟ್ಟೆಯ ಮೇಲೆ ಕೂಡುತ್ತಾನೆ. ನಾನು ಜೋಳ ಹಸನು ಮಾಡುತ್ತಿರುತ್ತೇನೆ. ಮೊನ್ನೆ ಬಂದವನು, "ಕಾಕೂ, ಅವತ್ತ ನನ್ನ ಜಾಗಾದಾಗ ನೀವಿದ್ರ ಏನ್ ಮಾಡ್ತಿದ್ರಿ?" ಎಂದು ಕೇಳಿದ.

ನಮ್ಮವರ ಮಾತು ಉಳಿಸಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕೇಳುತ್ತಿದ್ದವನು ಬದುಕಿದ್ದವನು.

"ಹೊಡೀತಿದ್ದೆ ಯಪ್ಪಾ" ಎಂದೆ.

ಅವನು ಹೂಂ ಎಂಬಂತೆ ತಲೆ ಅಲ್ಲಾಡಿಸಿದ. ಮೊರದಲ್ಲಿದ್ದ ಜೋಳದೊಳಗಿಂದ ಎರಡು ಹರಳು ಆರಿಸಿ ಕೆಳಗೆ ಹಾಕಿದ. ಐದು ಗಂಟೆಗೆ ಕ್ಲಾಸ್ ಇತ್ತು, ಎದ್ದು ಹೋದ.